ದೀಪ ಹತ್ತಿತು ಸರಿ, ಚಕ್ರ ತಿರುಗಿತಾ?

ಅಮೆರಿಕದಲ್ಲಿ 1980-90ರ ದಶಕದ ಫೋರ್ಡ್ ರೇಂಜರ್ ಪಿಕಪ್ ಟ್ರಕ್‌ಗಳು ಇನ್ನೂ ಓಡಾಡ್ತಿವೆ. ಅವುಗಳ ಫೋರ್ ವೀಲ್ ಡ್ರೈವ್ ಮಾದರಿಗಳಲ್ಲಿ ಒಂದು ಹಳೇ ತಕರಾರಿದೆ. ಡ್ರೈವರ್ ಫೋರ್ ವೀಲ್ ಹಾಕ್ತಾನೆ, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತೆ. ಆದರೆ ಹಿಮದಲ್ಲಿ ಹಿಂದಿನ ಚಕ್ರಗಳು ಸುಮ್ಮನೆ ಸುತ್ತುತ್ತವೆ, ಮುಂದಿನವು ಎಳೆಯೋದೇ ಇಲ್ಲ. ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಅನುಮಾನ ಪಡೋದು ಮುಂದಿನ ಚಕ್ರದ ನಡುವೆ ಕೂತಿರುವ ಆಟೊಮ್ಯಾಟಿಕ್ ಲಾಕಿಂಗ್ ಹಬ್ ಅನ್ನೋ ಪುಟ್ಟ ಸಾಧನವನ್ನ.

ನಮ್ಮ ರಸ್ತೆಯಲ್ಲಿ ಕಾಣದ ಗಾಡಿ, ನಮಗಿಂತ ವಯಸ್ಸಾದ ಟ್ರಕ್, ಇದರ ಗೊಡವೆ ನಮಗ್ಯಾಕೆ ಅಂತ ನೀವು ಕೇಳಬಹುದು. ಸೆಕೆಂಡ್ ಇಯರ್‌ನಲ್ಲಿ ನಾವು ಬಿಡಿಬಿಡಿಯಾಗಿ ಓದ್ತಿರೋ ಕ್ಯಾಮ್, ಸ್ಪ್ರಿಂಗ್, ಘರ್ಷಣೆ, ಡಿಫರೆನ್ಷಿಯಲ್ ಎಲ್ಲವೂ ಈ ಹಬ್ಬಿನ ಸುತ್ತಮುತ್ತ ಒಟ್ಟಿಗೆ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಲ್ಯಾಬ್‌ಗಳು ಕಲಿಸದ ಒಂದು ಪಾಠವನ್ನ ಈ ಸಾಧನ ಕೆಟ್ಟು ಕಲಿಸುತ್ತೆ.

ಮೊದಲು ಹಬ್ ಯಾಕೆ ಬೇಕು ನೋಡೋಣ. ಒಣ ರಸ್ತೆಯಲ್ಲಿ ಟೂ ವೀಲ್ ಡ್ರೈವ್‌ನಲ್ಲಿ ಓಡುವಾಗ ಮುಂದಿನ ಚಕ್ರಗಳಿಗೆ ಎಂಜಿನ್ ಸಂಬಂಧವಿಲ್ಲ. ಆದರೂ ಚಕ್ರ ಆಕ್ಸಲ್‌ಗೆ ಅಂಟಿಕೊಂಡೇ ಇದ್ದರೆ ಉರುಳುವ ಚಕ್ರ ಆಕ್ಸಲ್ ಶಾಫ್ಟನ್ನ, ಡಿಫರೆನ್ಷಿಯಲನ್ನ, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನ ಸುಮ್ಮನೆ ತಿರುಗಿಸ್ತಾ ಹೋಗುತ್ತೆ. ಇಂಧನ ದಂಡ, ಸವೆತ ಬೇರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನರ ಕೈಗೆ ಬಂದ ಜೀಪ್‌ಗಳಲ್ಲಿ ಇದೇ ತೊಂದರೆ ಇತ್ತು. ಅಮೆರಿಕದ ಸಿಯಾಟಲ್‌ನ ಆರ್ಥರ್ ವಾರ್ನ್ 1948ರಲ್ಲಿ ಇದಕ್ಕೆ ಲಾಕಿಂಗ್ ಹಬ್ ಮಾಡಿದ್ರು. ಬೇಕಾದಾಗ ಇಳಿದು ಕೈಯಿಂದ ತಿರುಗಿಸಿ ಚಕ್ರವನ್ನ ಆಕ್ಸಲ್‌ಗೆ ಸೇರಿಸೋದು, ಬೇಡವಾದಾಗ ಬಿಡಿಸೋದು.

ಮಳೆಯಲ್ಲಿ, ಕೆಸರಲ್ಲಿ ಯಾರು ಇಳೀತಾರೆ? ಅದಕ್ಕೇ ಆಟೊಮ್ಯಾಟಿಕ್ ಬಂತು. ರೇಂಜರ್‌ನ ಹಬ್ ಕೆಲಸ ಮಾಡೋ ರೀತಿ ನಿಜಕ್ಕೂ ಜಾಣತನದ್ದು. ಫೋರ್ ವೀಲ್ ಹಾಕಿದ ಕೂಡಲೇ ಆಕ್ಸಲ್ ಶಾಫ್ಟ್ ತಿರುಗೋಕೆ ಶುರುವಾಗುತ್ತೆ. ಒಳಗಿನ ಒಂದು ಭಾಗವನ್ನ ಘರ್ಷಣೆ ತಡೆದು ಹಿಡಿಯುತ್ತೆ. ಆಗ ಕ್ಯಾಮ್‌ನ ಇಳಿಜಾರನ್ನ ಏರಿದ ಕ್ಲಚ್ ಗೇರ್ ಪಕ್ಕಕ್ಕೆ ಸರಿದು ಹಬ್ಬಿನ ಹಲ್ಲುಗಳಲ್ಲಿ ಕೂರುತ್ತೆ. ಬಿಡಿಸೋಕೆ ಟೂ ವೀಲ್‌ಗೆ ಬಂದು ಗಾಡಿಯನ್ನ ಸುಮಾರು 10 ಅಡಿ ನೇರವಾಗಿ ಹಿಂದಕ್ಕೆ ತಗೊಂಡರೆ ಸಾಕು, ಸ್ಪ್ರಿಂಗ್ ಗೇರನ್ನ ವಾಪಸ್ ತಳ್ಳುತ್ತೆ. ಮೋಟರ್ ಇಲ್ಲ, ವೈರ್ ಇಲ್ಲ.

ಸೆನ್ಸರ್ ಕೂಡ ಇಲ್ಲ. ಎಡವಟ್ಟು ಇರೋದು ಇಲ್ಲೇ. ದೀಪಕ್ಕೆ ಸುದ್ದಿ ಹೋಗೋದು ಟ್ರಾನ್ಸ್‌ಫರ್ ಕೇಸ್ ಕಡೆಯಿಂದ. ಹಬ್ ಲಾಕ್ ಆಯ್ತೋ ಇಲ್ಲವೋ ದೀಪಕ್ಕೆ ಗೊತ್ತೇ ಇಲ್ಲ. ಡ್ರೈವರ್ ಓದೋದು ‘ನಾಲ್ಕೂ ಚಕ್ರ ಎಳೀತಿವೆ’ ಅಂತ. ದೀಪ ಹೇಳ್ತಿರೋದು ‘ಆಜ್ಞೆ ಹೊರಟಿದೆ’ ಅಂತ ಅಷ್ಟೇ. ಕಡಿದಾದ ಹಿಮದ ರಸ್ತೆಯಲ್ಲಿ ಈ ಎರಡರ ನಡುವಿನ ಅಂತರ ಸಣ್ಣದೇನಲ್ಲ.

ಆಮೇಲೆ ರಿಪೇರಿ. ಫೋರ್ ವೀಲ್ ಕೆಲಸ ಮಾಡ್ತಿಲ್ಲ ಅಂದ ತಕ್ಷಣ ಎರಡೂ ಹಬ್ ಕಿತ್ತು ಹೊಸದು ಹಾಕೋದು ಸುಲಭದ ಸಲಹೆ. ತಪ್ಪು ಟ್ರಾನ್ಸ್‌ಫರ್ ಕೇಸಿನದ್ದಾಗಿದ್ದರೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ. ದುಡ್ಡೂ ಹೋಯ್ತು, ಕಾಯಿಲೆಯೂ ಉಳೀತು.

ಸರಿಯಾದ ದಾರಿಗೆ ದುಬಾರಿ ಉಪಕರಣ ಬೇಡ, ಸರಿಯಾದ ಪ್ರಶ್ನೆಗಳು ಬೇಕು. ಮೊದಲ ಪ್ರಶ್ನೆ: ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಾ? ಸಡಿಲ ಮಣ್ಣಿನ ಸಮತಟ್ಟು ಜಾಗದಲ್ಲಿ ಫೋರ್ ವೀಲ್ ಹಾಕಿ, ಒಬ್ಬರು ನಿಧಾನಕ್ಕೆ ಗಾಡಿ ಓಡಿಸಬೇಕು, ಇನ್ನೊಬ್ಬರು ದೂರದಲ್ಲಿ ಪಕ್ಕದಿಂದ ಬಗ್ಗಿ ನೋಡಬೇಕು. ಶಾಫ್ಟ್ ತಿರುಗಲಿಲ್ಲ ಅಂದ್ರೆ ಟ್ರಾನ್ಸ್‌ಫರ್ ಕೇಸಿಂದ ಶಕ್ತಿ ಹೊರಟೇ ಇಲ್ಲ, ಹಬ್ ಮೇಲೆ ಅಪವಾದ ಹೊರಿಸೋ ಹಾಗಿಲ್ಲ. ಶಾಫ್ಟ್ ತಿರುಗ್ತಿದ್ದೂ ಮುಂದಿನ ಚಕ್ರ ಎಳೀತಿಲ್ಲ ಅಂದ್ರೆ ಈಗ ಹಬ್ ಕಡೆ ಬೆರಳು ತೋರಿಸಬಹುದು.

ಎರಡನೇ ಪ್ರಶ್ನೆ: ಒಂದು ಕೆಟ್ಟಿದೆಯೋ, ಎರಡೂನೋ? ಓಪನ್ ಡಿಫರೆನ್ಷಿಯಲ್‌ನಲ್ಲಿ ಒಂದೇ ಹಬ್ ಲಾಕ್ ಆದರೆ ಪ್ರಯೋಜನವಿಲ್ಲ. ಶಕ್ತಿಯೆಲ್ಲ ಲಾಕ್ ಆಗದ ಕಡೆಯ ಶಾಫ್ಟನ್ನ ಸುಮ್ಮನೆ ಸುತ್ತಿಸಿ ಮುಗಿಯುತ್ತೆ. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿಲ್ಲ.

ಮೂರನೇ ಪ್ರಶ್ನೆ: ಲಾಕ್ ಆದದ್ದು ಬಿಡ್ತಿದೆಯಾ? ಟೂ ವೀಲ್‌ಗೆ ಬಂದು, ಹಿಂದಕ್ಕೆ ಓಡಿಸಿದ ಮೇಲೆ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಮುಂಭಾಗವನ್ನ ಜ್ಯಾಕ್‌ನಿಂದ ಎತ್ತಿ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಕೈ ಹಾಕಬಾರದು. ಈಗ ಚಕ್ರವನ್ನ ಕೈಯಿಂದ ತಿರುಗಿಸಿದಾಗ ಆ ಕಡೆಯ ಶಾಫ್ಟ್ ಜೊತೆಗೇ ತಿರುಗಿದರೆ ಆ ಹಬ್ ಬಿಟ್ಟಿಲ್ಲ.

ಇಷ್ಟಾದ ಮೇಲೆ ತಾನೇ ಹಬ್ ಬಿಚ್ಚೋದು? ಬಿಚ್ಚಿದಾಗ ಎಷ್ಟೋ ಸಲ ಒಳಗೆ ಮುರಿದದ್ದೇ ಏನೂ ಇರಲ್ಲ. ನೀರು ಹೊಕ್ಕು ತುಕ್ಕು ಹಿಡಿದಿರುತ್ತೆ. ಅಥವಾ ಯಾರೋ ಒಳ್ಳೇದಾಗಲಿ ಅಂತ ವೀಲ್ ಬೇರಿಂಗ್ ಗ್ರೀಸನ್ನ ಒತ್ತಿ ಒತ್ತಿ ತುಂಬಿರುತ್ತಾರೆ. ಚಳಿಗೆ ಅದು ಗಟ್ಟಿಯಾಗಿ ಗೇರ್ ಸರಿಯೋಕೇ ಬಿಡಲ್ಲ. ಬೇರಿಂಗ್ ಸಡಿಲವಾಗಿದ್ದರೂ ಕ್ಯಾಮ್ ತನ್ನ ಜಾಗದಲ್ಲಿ ಸರಿಯಾಗಿ ಕೂರಲ್ಲ. ತೊಳೆದು, ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ, ಬೇರಿಂಗ್ ಸರಿಮಾಡಿದರೆ ಹಳೇ ಹಬ್ಬೇ ಕೆಲಸಕ್ಕೆ ಬರಬಹುದು. ಕ್ಯಾಮ್ ಸವೆದಿದ್ದರೆ ಮಾತ್ರ ಬದಲಾಯಿಸದೆ ವಿಧಿಯಿಲ್ಲ.

ಎಷ್ಟೋ ಜನ ರೇಂಜರ್ ಮಾಲೀಕರು ಆಟೊಮ್ಯಾಟಿಕ್ ಸಹವಾಸವೇ ಬೇಡ ಅಂತ ಕೈಯಿಂದ ತಿರುಗಿಸೋ ಹಬ್ ಹಾಕಿಸ್ತಾರೆ. ಅದನ್ನ ಹಿಂದಕ್ಕೆ ಹೋಗೋದು ಅಂತ ನಾವು ಕರೆಯಲ್ಲ. ಆ ಹಬ್ಬಿನ ಗುಬುಟು ಎತ್ತ ತಿರುಗಿದೆ ಅನ್ನೋದು ಕಣ್ಣಿಗೆ ಕಾಣುತ್ತೆ, ಅದೇ ಅದರ ದೊಡ್ಡ ಗುಣ. ಹಾಗಂತ ಆಟೊಮ್ಯಾಟಿಕ್ಕನ್ನ ಬೈಯೋದೂ ನ್ಯಾಯವಲ್ಲ. ಕೈ ಹಬ್ ಲಾಕ್ ಮಾಡೋಕೆ ಮರೆತು ಫೋರ್ ವೀಲ್ ಹಾಕಿ ಸಿಕ್ಕಿಹಾಕಿಕೊಳ್ಳೋರೂ ಇರ್ತಾರೆ. ಮನುಷ್ಯನ ಮರೆವಿಗೆ ಮದ್ದು ಹುಡುಕಿದ್ದು ಸರಿ. ಮದ್ದು ಕೆಲಸ ಮಾಡ್ತಾ ಅಂತ ತಿಳಿಸೋ ವ್ಯವಸ್ಥೆ ಇಡದೇ ಹೋದದ್ದು ಕೊರತೆ. ಫೋರ್ಡ್ 1998ರ ಮಾದರಿಯಲ್ಲಿ ರೇಂಜರ್‌ಗೆ ವ್ಯಾಕ್ಯೂಮ್‌ನಿಂದ ನಡೆಯೋ ಹಬ್ ತಂತು. ಕೆಲವೇ ವರ್ಷಗಳಲ್ಲಿ ಅದನ್ನೂ ಕೈಬಿಟ್ಟು, ಮುಂದಿನ ಶಾಫ್ಟ್‌ಗಳು ಸದಾ ಚಕ್ರದ ಜೊತೆಗೇ ತಿರುಗೋ ವ್ಯವಸ್ಥೆಗೆ ಬಂತು.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ನಾವು ಕಟ್ಟೋ ಪ್ರಾಜೆಕ್ಟ್‌ಗಳಲ್ಲೂ ದೀಪ ಹತ್ತುತ್ತೆ. ಕಂಟ್ರೋಲರ್ ಪಿನ್ ಆನ್ ಆದರೆ ಎಲ್‌ಇಡಿ ಹಸಿರು, ‘ಮೋಟರ್ ಓಡ್ತಿದೆ’ ಅಂತ ಡೆಮೊದಲ್ಲಿ ವಿವರಣೆ. ಮೋಟರ್ ವೈರ್ ಕಿತ್ತುಹೋಗಿದ್ದರೂ ಆ ಎಲ್‌ಇಡಿ ಹಸಿರಾಗೇ ಇರುತ್ತೆ. ಒಂದು ಲಿಮಿಟ್ ಸ್ವಿಚ್ಚೋ ಎನ್‌ಕೋಡರೋ ಹಾಕಿ ನಿಜವಾದ ಚಲನೆಯನ್ನ ಅಳೆದು ದೀಪ ಹತ್ತಿಸೋದು ದೊಡ್ಡ ಕೆಲಸವೇನಲ್ಲ. ಅದನ್ನ ಕೇಳೋರು ಬೇಕು.

ಲ್ಯಾಬ್‌ನಲ್ಲಂತೂ ಎಲ್ಲವೂ ಸರಿಯಾಗಿರೋ ಯಂತ್ರವೇ ನಮ್ಮ ಮುಂದೆ ಬರುತ್ತೆ. ರೀಡಿಂಗ್ ತಗೋ, ಗ್ರಾಫ್ ಹಾಕು, ರೆಕಾರ್ಡ್‌ಗೆ ಸಹಿ ಹಾಕಿಸ್ಕೋ. ಯಂತ್ರ ಕೆಟ್ಟರೆ ಅವತ್ತಿನ ಬ್ಯಾಚ್‌ಗೆ ರಜೆ! ನಮ್ಮ ಪ್ರಕಾರ ನಿಜವಾದ ಕ್ಲಾಸ್ ಶುರುವಾಗಬೇಕಾದ್ದೇ ಆಗ.

ನಾವು ಕೇಳೋದು ಇಷ್ಟೇ. ಪ್ರತಿ ಲ್ಯಾಬ್‌ನಲ್ಲಿ ಸೆಮಿಸ್ಟರ್‌ಗೊಂದು ಪ್ರಯೋಗ ಕೆಟ್ಟ ಯಂತ್ರದ್ದಾಗಿರಲಿ. ಅಪಾಯವಿಲ್ಲದಂಥ ಒಂದು ದೋಷವನ್ನ ಇನ್‌ಸ್ಟ್ರಕ್ಟರ್ ಮೊದಲೇ ಬಚ್ಚಿಡಲಿ. ಅಂಕ ಉತ್ತರಕ್ಕೆ ಮಾತ್ರ ಬೇಡ. ಯಾವುದನ್ನ ಮೊದಲು ನೋಡಿದೆವು, ಯಾವುದನ್ನ ಯಾಕೆ ಅನುಮಾನದಿಂದ ಬಿಟ್ಟೆವು ಅನ್ನೋದಕ್ಕೂ ಸಿಗಲಿ. ಇದಕ್ಕೆ ಹೊಸ ಸಿಲಬಸ್ ಬೇಡ, ಹೊಸ ಯಂತ್ರವೂ ಬೇಡ. ಪ್ರತಿ ವಿಭಾಗದ ಮೂಲೆಯಲ್ಲೂ ಕೆಟ್ಟು ಧೂಳು ಹಿಡಿದದ್ದು ಏನಾದ್ರೂ ಇದ್ದೇ ಇರುತ್ತೆ.

ನಾಳೆ ನಾವೇ ಬ್ರೇಕು, ಲಿಫ್ಟು, ವೆಂಟಿಲೇಟರ್‌ಗಳಿಗೆ ದೀಪ ಜೋಡಿಸೋರು. ಆ ದೀಪ ಏನನ್ನ ನೋಡಿ ಹತ್ತುತ್ತೆ ಅಂತ ಕೇಳೋ ಅಭ್ಯಾಸ ಇಲ್ಲೇ, ಈಗಲೇ ಆಗಲಿ.