ಮರಣದ ಪುಸ್ತಕದಲ್ಲಿ ಇಲ್ಲದ ಹೆಸರು

ನವೆಂಬರ್ ತಿಂಗಳು ಸಮೀಪಿಸುತ್ತಿದ್ದಂತೆ ನಮ್ಮ ದೇವಾಲಯದ ಬಾಗಿಲಲ್ಲಿ ಒಂದು ಪೆಟ್ಟಿಗೆಯನ್ನು ಇಡುವುದು ವಾಡಿಕೆ. ಕುಟುಂಬದವರು ತಮ್ಮ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕುತ್ತಾರೆ. ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನವಾದ ನವೆಂಬರ್ 2ರ ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಓದಲಾಗುತ್ತದೆ. ಕಳೆದ ಸಲ, ಎಂಬತ್ತು ದಾಟಿದ ತಾಯಿಯೊಬ್ಬರು ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ನಮ್ಮ ಕೈಗೇ ಕೊಟ್ಟು, "ಫಾದರ್, ನಮ್ಮವ್ವ ಸತ್ತಾಳಂತ ನನಗ ಯಾರೂ ಹೇಳಿಲ್ಲ. ಹೆಸರು ಬರೀಬಹುದೇನು?" ಎಂದು ಕೇಳಿದರು.

ಇವರು ಶಹಾಪುರ ತಾಲೂಕಿನ ಹಳ್ಳಿಯೊಂದರವರು. ಪೂರ್ವಿಕರು ಕೃಷ್ಣೆಯಾಚೆಯ ಮುದಗಲ್ಲಿನ ಕಡೆಯಿಂದ ಬಂದ ಹಳೆಯ ಕಥೋಲಿಕರು. ಇವರು ಹುಟ್ಟಿದ ಕೆಲವೇ ದಿನಗಳಲ್ಲಿ ಹೆತ್ತ ತಾಯಿಯನ್ನು "ದೊಡ್ಡ ದವಾಖಾನೆ"ಗೆ ಕರೆದೊಯ್ದರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುಂದೇನಾಯಿತೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ತಂದೆ ಮರುಮದುವೆಯಾದರು. ಮಲತಾಯಿ ಪ್ರೀತಿಯಿಂದ ಸಾಕಿದರು. ಅವರ ಅನುಮತಿಯಿಂದಲೇ, ಹೆಸರನ್ನು ಮಾತ್ರ ಬಿಟ್ಟು, ನಾವು ಇದನ್ನು ಬರೆಯುತ್ತಿದ್ದೇವೆ. ಇಂಥ ಮನೆ ಇದೊಂದೇ ಅಲ್ಲವೆಂಬ ನಂಬಿಕೆಯೇ ಬರೆಯುವುದಕ್ಕೆ ಕಾರಣ.

ಧಾರವಾಡ, ಎರ್ರಗಡ್ಡ, ನಿಮ್ಹಾನ್ಸ್: ಈ ಮೂರು ಹೆಸರುಗಳು ನಮ್ಮ ಜನರ ಬಾಯಲ್ಲಿ ಬೈಗುಳಗಳಾಗಿ ಹೋಗಿವೆ. ಯಾರಾದರೂ ಸ್ವಲ್ಪ ಅಸಂಬದ್ಧವಾಗಿ ಮಾತನಾಡಿದರೆ ಸಾಕು, "ಧಾರವಾಡಕ್ಕ ಕಳಸಬೇಕು" ಎಂದು ನಗುತ್ತೇವೆ. ಹಾಗೆ ನಿಜವಾಗಿಯೂ ಕಳುಹಿಸಲ್ಪಟ್ಟವರು ಯಾರ ಮನೆಯವರು ಎಂದು ಮಾತ್ರ ಯೋಚಿಸುವುದಿಲ್ಲ. ಧಾರವಾಡದ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ, ಮುಂಬಯಿ ಪ್ರಾಂತದ ಹುಚ್ಚರ ಆಶ್ರಯವಾಗಿ. ಬೆಂಗಳೂರಿನದು ಬಹುಮಟ್ಟಿಗೆ ಅದೇ ಕಾಲದ್ದು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ ಯಾದಗಿರಿ, ಶಹಾಪುರ, ಸುರಪುರಗಳು ಅಂದು ನಿಜಾಮರ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಆ ಸಂಸ್ಥಾನದ ಮಾನಸಿಕ ಆಸ್ಪತ್ರೆ ಬಹುಕಾಲ ಇದ್ದದ್ದು ಜಾಲ್ನಾದಲ್ಲಿ. 1953ರಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಗೊಂಡಿತು. ಮೂರೇ ವರ್ಷಗಳಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ರೋಗಿಯ ಊರು ಇಂದು ಕರ್ನಾಟಕದಲ್ಲಿ, ಆಸ್ಪತ್ರೆಯಿದ್ದ ಊರು ಮಹಾರಾಷ್ಟ್ರದಲ್ಲಿ, ಆಸ್ಪತ್ರೆ ತೆಲಂಗಾಣದಲ್ಲಿ! ಒಬ್ಬ ಮನುಷ್ಯಳ ಜೀವನವನ್ನು ಇದಕ್ಕಿಂತ ಚೆನ್ನಾಗಿ ಕಳೆದುಹಾಕುವುದು ಸಾಧ್ಯವೇ ಎಂದು ಕೆಲವೊಮ್ಮೆ ನಮಗೆ ಅನ್ನಿಸುತ್ತದೆ.

ಜಾಲ್ನಾ ಎಷ್ಟು ದೂರವೆಂಬುದನ್ನೂ ನೆನೆಯಬೇಕು. ಶಹಾಪುರದಿಂದ ಬಂಡಿಯಲ್ಲಿ ಹೊರಟು, ಭೀಮೆಯನ್ನು ದಾಟಿ, ಯಾದಗಿರಿ ನಿಲ್ದಾಣದಲ್ಲಿ ರೈಲು ಹತ್ತಬೇಕು. ವಾಡಿಯಲ್ಲಿ ಬದಲಿಸಿ ಹೈದರಾಬಾದಿಗೆ. ಅಲ್ಲಿಂದ ಸಣ್ಣ ಹಳಿಯ ಗಾಡಿಯಲ್ಲಿ ಮರಾಠವಾಡೆಯ ಆ ಊರಿಗೆ. ಕನ್ನಡದ ಹೊರತು ಬೇರೆ ಮಾತು ಬಾರದ, ಇಪ್ಪತ್ತೆರಡರ ಬಾಣಂತಿ.

ಬಾಣಂತಿಯೆಂಬುದು ನಮಗೆ ತಿಳಿದದ್ದು ಒಂದು ಕಾಗದದಿಂದ. ಮನೆಯ ತಗಡಿನ ಪೆಟ್ಟಿಗೆಯಲ್ಲಿ, ಹೊಲದ ಪತ್ರಗಳ ನಡುವೆ, ತಹಸೀಲ ಕಚೇರಿಯ ಮೊಹರಿದ್ದ ಉರ್ದು ಹಾಳೆಯೊಂದು ಇತ್ತು. ಅದೂ ಹೊಲದ್ದೇ ಎಂದು ಎಲ್ಲರೂ ಭಾವಿಸಿದ್ದರು. ನಿವೃತ್ತ ಉರ್ದು ಶಿಕ್ಷಕರೊಬ್ಬರು ಎರಡು ಸಂಜೆ ಕುಳಿತು ಓದಿಕೊಟ್ಟರು. ಫಸಲಿ 1353, ಅಂದರೆ ನಮ್ಮ ಲೆಕ್ಕದಲ್ಲಿ 1943-44. ಹೆರಿಗೆಯಾಗಿ ಹದಿನೇಳು ದಿನ, ನಿದ್ದೆಯಿಲ್ಲ, ಯಾರನ್ನೂ ಗುರುತಿಸುವುದಿಲ್ಲ, ಕೂಸಿನ ಹತ್ತಿರ ಬಿಡುವುದು ಅಪಾಯ. ಇಷ್ಟೇ ಬರೆದಿತ್ತು. ಮನೆಯಲ್ಲಿ ನಡೆದುಬಂದ ಕಥೆ ಬೇರೆಯೇ: ಬಾವಿಯ ಹತ್ತಿರ ಏನೋ ಬಡಿದುಕೊಂಡಿತೆಂದೂ, ತವರಿನ ರಕ್ತದಲ್ಲೇ ಅದು ಇತ್ತೆಂದೂ.

ಹೆರಿಗೆಯ ಬಳಿಕ ಬರುವ ಈ ತೀವ್ರ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವಂಥದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಗುಣ ಹೊಂದುತ್ತಾರೆ. ಆದರೆ ಚಿತ್ತವಿಕಾರಕ್ಕೆ ನಿಜವಾದ ಔಷಧಿಗಳು ಬಂದದ್ದೇ 1952ರ ನಂತರ. ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಇಂಥ ತಾಯಂದಿರಿಗಾಗಿಯೇ ಒಂದು ವಾರ್ಡು ತೆರೆಯಲಾಯಿತು. ಅಲ್ಲಿ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುತ್ತಾರೆ. ಇದನ್ನು ಕೇಳಿದಾಗ ಆ ಮುದುಕಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಹಳೆಯ ದಾಖಲೆಗಳನ್ನು ಹುಡುಕಬೇಕೆಂದು ಹೇಳುವಾಗ ಅವುಗಳನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾವು ಹೇಳುತ್ತಿಲ್ಲ. ಬ್ರಿಟಿಷ್ ಆಡಳಿತವು 1893-94ರಲ್ಲಿ ಗಾಂಜಾ ಕುರಿತು ಒಂದು ಆಯೋಗವನ್ನು ನೇಮಿಸಿತ್ತು. ಹುಚ್ಚಾಸ್ಪತ್ರೆಗಳ ಪುಸ್ತಕಗಳಲ್ಲಿ ಅಷ್ಟೊಂದು ರೋಗಿಗಳ ಕಾಯಿಲೆಗೆ ಗಾಂಜಾವೇ ಕಾರಣವೆಂದು ಬರೆದಿರುವುದೇಕೆಂದು ಆ ಆಯೋಗ ಶೋಧಿಸಿತು. ರೋಗಿಯನ್ನು ತಂದೊಪ್ಪಿಸಿದ ಪೊಲೀಸರ ವಿವರಣೆಯನ್ನೇ ಆಸ್ಪತ್ರೆಯವರು ಪರೀಕ್ಷಿಸದೆ ನಕಲು ಮಾಡುತ್ತಿದ್ದುದು ಬೆಳಕಿಗೆ ಬಂದಿತು. ಕಾರಣದ ಕಲಮಿನಲ್ಲಿ ಏನಾದರೊಂದು ಬರೆಯಲೇಬೇಕಿತ್ತು, ಬರೆದರು! ಮೂರ್ಛೆರೋಗದವರು, ಮಿದುಳಿಗೆ ಏರಿದ ಜ್ವರದವರು, ಮನೆಗೆ ಬೇಡವಾದ ವಿಧವೆಯರು ಎಲ್ಲರೂ ಒಂದೇ ಗೋಡೆಯೊಳಗೆ ಇದ್ದರು. ನಮ್ಮ ಸೀಮೆಗೆ ಹತ್ತಿರವಾದ ಇನ್ನೊಂದು ಸಂಗತಿಯುಂಟು. ಜೋಳವನ್ನೇ ನೆಚ್ಚಿ ಬದುಕುವ ದಕ್ಖನಿನ ಬಡವರಲ್ಲಿ ಪೆಲ್ಲಾಗ್ರ ಎಂಬ ಪೌಷ್ಟಿಕಾಂಶದ ಕೊರತೆಯ ರೋಗವನ್ನು ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ವಿವರಿಸಿದರು. ಆ ರೋಗ ಚರ್ಮವನ್ನು ಸುಡುತ್ತದೆ, ಉಲ್ಬಣಿಸಿದರೆ ಬುದ್ಧಿಯನ್ನೂ ಕೆಡಿಸುತ್ತದೆ. ನಯಾಸಿನ್ ಎಂಬ ಜೀವಸತ್ವ ಕೊಟ್ಟರೆ ವಾಸಿಯಾಗುತ್ತದೆ. ಹಸಿವಿನಿಂದ ಬುದ್ಧಿ ಕಳೆದುಕೊಂಡವನನ್ನು ಹುಚ್ಚನೆಂದು ಕರೆದ ಮೇಲೆ ಅವನ ಮೊಮ್ಮಕ್ಕಳಿಗೆ ಹೆಣ್ಣು ಕೊಡಲು ಹಿಂಜರಿಯುವುದು ಎಂಥ ನ್ಯಾಯ?

ಹೆಣ್ಣು ಕೊಡುವ ಮಾತು ಬಂದಿತು. ಹುಡುಕಬಾರದು ಎನ್ನುವವರ ಮುಖ್ಯ ಆಕ್ಷೇಪವೇ ಇದು: "ಸತ್ತವರು ಸತ್ತರು, ಇರುವ ಮಕ್ಕಳ ಸಂಬಂಧ ಕೆಡಿಸುವುದೇಕೆ?" ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮುರಿದುಬಿದ್ದ ನಿಶ್ಚಿತಾರ್ಥಗಳನ್ನು ನಾವೂ ಕಂಡಿದ್ದೇವೆ. ಆದರೆ ಭಯಕ್ಕೆ ಅಳತೆಯಿರಲಿ. ಸ್ಕಿಜೋಫ್ರೀನಿಯಾದಂಥ ಗಂಭೀರ ಕಾಯಿಲೆ ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಅದು ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು. ಎಂದರೆ, ತೊಂಬತ್ತು ಮಂದಿಗೆ ಬರುವುದಿಲ್ಲ. ಬಚ್ಚಿಟ್ಟ ಮನೆಯಲ್ಲಿ ಈ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಅಲ್ಲಿ ನೂರಕ್ಕೆ ನೂರೂ ಭಯವೇ.

ಲಿಸ್ಯೂವಿನ ಸಂತ ತೆರೇಸಮ್ಮನವರ ಚಿತ್ರ ನಮ್ಮ ಎಷ್ಟೋ ಮನೆಗಳಲ್ಲಿದೆ. ಆಕೆಯ ತಂದೆ ಲೂಯಿ ಮಾರ್ಟಿನ್ ಅವರು 1889ರ ಫೆಬ್ರವರಿಯಿಂದ 1892ರ ಮೇ ತಿಂಗಳವರೆಗೆ ಕೇನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ಮಕ್ಕಳೆಲ್ಲ ಕನ್ಯಾಮಠಕ್ಕೆ ಹೋದುದರಿಂದಲೇ ತಂದೆಗೆ ಹೀಗಾಯಿತೆಂದು ಊರು ಆಡಿಕೊಂಡಿತು. ಮಗಳು ಆ ನೋವನ್ನು ನುಂಗಿದಳು, ಮುಚ್ಚಿಡಲಿಲ್ಲ. ತನ್ನ ಆತ್ಮಕಥೆಯಲ್ಲಿ ಅದಕ್ಕೆ ಸ್ಥಳ ಕೊಟ್ಟಳು. 2015ರಲ್ಲಿ ಧರ್ಮಸಭೆ ಆ ತಂದೆಯನ್ನು ಪತ್ನಿ ಝೆಲಿಯವರೊಡನೆ ಸಂತರೆಂದು ಘೋಷಿಸಿತು. ಅಷ್ಟೇಕೆ, ಪ್ರಭು ಯೇಸುವಿಗೇ ಬುದ್ಧಿ ಕೆಟ್ಟಿದೆಯೆಂದು ಭಾವಿಸಿ ಅವರ ಬಂಧುಗಳು ಹಿಡಿದು ತರಲು ಹೊರಟ ಪ್ರಸಂಗವನ್ನು ಸಂತ ಮಾರ್ಕನು ತನ್ನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಬಚ್ಚಿಡದೆ ಬರೆದಿದ್ದಾನೆ. ಅದೇ ಮಾರ್ಕನು, ಸಮಾಧಿಗಳ ನಡುವೆ ಸರಪಳಿ ಹರಿದುಕೊಂಡು ಅಲೆಯುತ್ತಿದ್ದವನು ಗುಣವಾಗಿ ಹಿಂಬಾಲಿಸಲು ಬಯಸಿದಾಗ, ಪ್ರಭು ಅವನನ್ನು ಸ್ವಂತ ಮನೆಯವರ ಬಳಿಗೆ ಕಳುಹಿಸಿದುದನ್ನೂ ಹೇಳುತ್ತಾನೆ.

ಸೆಮಿನರಿಯಲ್ಲಿ ನಮಗೆ ತತ್ತ್ವಶಾಸ್ತ್ರವನ್ನು ಬೋಧಿಸಿದ ಗುರುಗಳು ಬೋಯೇಥಿಯಸನ ಲಕ್ಷಣವಾಕ್ಯವನ್ನು ಕಂಠಪಾಠ ಮಾಡಿಸಿದ್ದರು: ವ್ಯಕ್ತಿಯೆಂದರೆ ವಿವೇಕ ಸ್ವಭಾವವುಳ್ಳ ಪ್ರತ್ಯೇಕ ಸತ್ತ್ವ. ವಿವೇಕ ಹೋದವನ ಗತಿಯೇನೆಂದು ಸಹಪಾಠಿಯೊಬ್ಬ ಕೇಳಿದ್ದ. ನಿದ್ರಿಸುವವನು ಹೇಗೆ ಮನುಷ್ಯನೋ ಹಾಗೆಯೇ ಅವನೂ. ಹೋದದ್ದು ವಿವೇಕದ ಕ್ರಿಯೆ, ಸ್ವಭಾವವಲ್ಲ ಎಂಬ ಉತ್ತರ ಬಂದಿತ್ತು. ಉತ್ತರ ಸರಿಯೇ. ಆದರೆ ಮೂವತ್ತು ವರ್ಷ ಜನರ ನಡುವೆ ಇದ್ದ ಮೇಲೆ ಅದು ಸಾಲದೆನಿಸುತ್ತದೆ. ಹೆಸರು ಹಿಡಿದು ಕರೆಯುವವರು ಇಲ್ಲವಾದಾಗ ಆ ಸ್ವಭಾವ ತತ್ತ್ವಶಾಸ್ತ್ರದ ಪುಸ್ತಕದಲ್ಲಿ ಉಳಿಯುತ್ತದೆ, ಮನೆಯಲ್ಲಿ ಉಳಿಯುವುದಿಲ್ಲ.

ನೆರೆಯ ಜಿಲ್ಲೆಯ ಹಳೆಯ ಧರ್ಮಕೇಂದ್ರವೊಂದರಲ್ಲಿ ಆ ತಾಯಿಯ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು. ಅಂಚಿನಲ್ಲಿ ವಿವಾಹದ ಟಿಪ್ಪಣಿಯೂ ಇತ್ತು. ಮರಣದ ಪುಸ್ತಕದಲ್ಲಿ ಹೆಸರಿಲ್ಲ. ಆದರೆ 1947ರ ವಿವಾಹ ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ "ವಿಧುರ" ಎಂದು ಬರೆದಿದೆ. ಯಾರ ಮಾತಿನ ಮೇಲೆ ಬರೆದರು? ತಾರು ಬಂದಿತ್ತೇ? ಅಥವಾ, ಹೋದವಳು ಸತ್ತಂತೆಯೇ ಎಂದು ಹಿರಿಯರು ನಿರ್ಧರಿಸಿಬಿಟ್ಟರೇ? ಮುದುಕಿಯ ನಿಜವಾದ ಭಯ ಇದೇ ಎಂಬುದು ನಮಗೆ ಆಗ ಅರ್ಥವಾಯಿತು. ತಾಯಿ 1947ರಲ್ಲಿ ಬದುಕಿದ್ದಳೆಂದು ತಿಳಿದುಬಂದರೆ ತನ್ನನ್ನು ಸಾಕಿದವಳ ಮದುವೆ ಏನಾಗುತ್ತದೆ? ತಮ್ಮ ತಂಗಿಯರು ಏನಾಗುತ್ತಾರೆ?

ಈ ಭಯದಿಂದಲೇ ಹುಡುಕಾಟ ನಿಲ್ಲಿಸಿದವರು ಇನ್ನೂ ಇರಬಹುದಾದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ. ಮೊದಲ ಪತ್ನಿ ಜೀವಂತವಾಗಿದ್ದರೆ ಎರಡನೆಯ ವಿವಾಹ ಅಸಿಂಧುವೇ. ಆದರೆ ವಧೂವರರಲ್ಲಿ ಒಬ್ಬರಾದರೂ ಸದ್ಭಾವನೆಯಿಂದ ಆ ವಿವಾಹಕ್ಕೆ ಒಪ್ಪಿದ್ದರೆ ಅದರಲ್ಲಿ ಹುಟ್ಟಿದ ಮಕ್ಕಳು ಧರ್ಮಸಭೆಯ ಕಾನೂನಿನಂತೆ ಸಕ್ರಮ ಸಂತಾನ. ಇಂದಿನ ಸಂಹಿತೆಯ 1137ನೆಯ ವಿಧಿಯೂ, ಅಂದು ಜಾರಿಯಲ್ಲಿದ್ದ 1917ರ ಸಂಹಿತೆಯೂ ಇದನ್ನೇ ಹೇಳುತ್ತವೆ. ಆ ಮಲತಾಯಿಯ ಸದ್ಭಾವನೆಯನ್ನು ಸಂಶಯಿಸಲು ನಮಗೆ ಕಾರಣ ಕಾಣುವುದಿಲ್ಲ. ತಂದೆಯ ವಿಚಾರವನ್ನು ನಾವು ತೀರ್ಮಾನಿಸುವುದಿಲ್ಲ. ಹಾಲಿಲ್ಲದ ಕೂಸನ್ನು ಹಿಡಿದುಕೊಂಡು ಮೂರು ವರ್ಷ ಕಳೆದವನ ಮೇಲೆ, ಫ್ಯಾನಿನ ಕೆಳಗೆ ಕುಳಿತು ತೀರ್ಪು ಬರೆಯುವುದು ಸುಲಭ.

ಹುಡುಕಲು ಹೊರಡುವವರಿಗೆ ಎರಡು ಮಾತು. ಪೊಲೀಸರ ಮತ್ತು ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಬಹುಮಂದಿ ಇಂಥ ಆಸ್ಪತ್ರೆಗಳಿಗೆ ಸೇರುತ್ತಿರಲಿಲ್ಲ. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ 1858ರ ಮತ್ತು 1912ರ ಕಾನೂನುಗಳು ಹಾಗೆಯೇ ವಿಧಿಸಿದ್ದವು. ಆದ್ದರಿಂದ ಆಸ್ಪತ್ರೆಯನ್ನಷ್ಟೇ ಅಲ್ಲ, ಕಚೇರಿಯ ಕಾಗದಗಳನ್ನೂ ನೋಡಬೇಕು. ನಿಜಾಮರ ಕಾಲದ ಸರಕಾರಿ ದಾಖಲೆಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ಫಸಲಿ ವರ್ಷಕ್ಕೆ 590 ಅಥವಾ 591 ಕೂಡಿಸಿದರೆ ನಮ್ಮ ವರ್ಷ ಸಿಗುತ್ತದೆ. ಹೆಸರುಗಳು ಉರ್ದುವಿನಲ್ಲಿ ರೂಪಗೆಟ್ಟಿರುತ್ತವೆ. ಸುರಪುರ ಅಲ್ಲಿ ಶೋರಾಪುರ. ಮುದುಕಿಯ ಮೊಮ್ಮಗನು ಕಚೇರಿಯೊಂದಕ್ಕೆ ಹೋಗಿ ಕೇಳಿದಾಗ ಗುಮಾಸ್ತರು, "ಆಸ್ತಿ ಏನಾದರೂ ಬರುವುದಿದೆಯೇ?" ಎಂದು ವಿಚಾರಿಸಿದರಂತೆ.

ಸರಕಾರಗಳಿಗೂ ನಮ್ಮದೊಂದು ಬಿನ್ನಹವಿದೆ. ಅಮೆರಿಕದ ಓರೆಗಾನ್ ರಾಜ್ಯದ ಮಾನಸಿಕ ಆಸ್ಪತ್ರೆಯಲ್ಲಿ ಯಾರೂ ಕೇಳದೆ ಉಳಿದಿದ್ದ ಸುಮಾರು 3,500 ರೋಗಿಗಳ ಚಿತಾಭಸ್ಮ ತಾಮ್ರದ ಡಬ್ಬಿಗಳಲ್ಲಿತ್ತು. ಬಂಧುಗಳು ಬಂದು ಪಡೆಯಲೆಂದು ಅವರ ಹೆಸರುಗಳನ್ನು ಬಹಿರಂಗಪಡಿಸಲಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಗೋಪ್ಯತೆಯನ್ನು ಕಾಯುತ್ತದೆ, ಅದು ಬೇಕಾದದ್ದೇ. ಇಂದಿನ ರೋಗಿಯ ಕಡತ ಯಾರ ಕೈಗೂ ಸಿಕ್ಕಬಾರದು, ಮದುವೆಯ ದಲ್ಲಾಳಿಗಳ ಕೈಗಂತೂ ಸಿಕ್ಕಲೇಬಾರದು. ಆದರೆ ಎಂಬತ್ತು ವರ್ಷಗಳ ಹಿಂದೆ ಸೇರಿದವಳ ಹೆಸರು, ಊರು, ಮರಣದ ದಿನ ಇಷ್ಟನ್ನು ಆಕೆಯ ಮಗಳಿಗೆ ತಿಳಿಸಿದರೆ ಯಾರ ಗೋಪ್ಯತೆಗೆ ಭಂಗ? ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳು ಹಳೆಯ ದಾಖಲಾತಿ ಪುಸ್ತಕಗಳನ್ನು ನೇರ ವಂಶಸ್ಥರಿಗೆ ತೋರಿಸುವ ಒಂದು ಕ್ರಮವನ್ನು ಕೂಡಿ ರೂಪಿಸಬಾರದೇಕೆ?

ಕಳೆದ ನವೆಂಬರ್ 2ರಂದು ಆ ಹೆಸರನ್ನು ಓದಿದೆವು. ಬದುಕಿದ್ದರೆ ಈಗ ನೂರು ದಾಟಿರುತ್ತಿದ್ದಳು; ಬರೆಯಲು ಅಡ್ಡಿಯಿಲ್ಲವೆಂದು ಹೇಳಿದ್ದೆವು. ಚೀಟಿಯಲ್ಲಿ ಮರಣದ ದಿನಾಂಕದ ಜಾಗವನ್ನು ಮುದುಕಿ ಖಾಲಿ ಬಿಟ್ಟಿದ್ದರು. ಫಸಲಿ 1353ರಿಂದ 1357ರವರೆಗಿನ ಕಾಗದಗಳಿಗಾಗಿ ಮೊಮ್ಮಗ ತಾರ್ನಾಕಾಕ್ಕೆ ಹೋಗಲಿದ್ದಾನೆ. ಯಾದಗಿರಿ, ಶಹಾಪುರ, ಸುರಪುರದ ಓದುಗರಲ್ಲಿ ಹಳೆಯ ಶಿಕಸ್ತಾ ಬರಹವನ್ನು ಓದಬಲ್ಲವರು, ಯಾವ ಧರ್ಮದವರೇ ಆಗಿರಲಿ, ಇದ್ದರೆ ದಯಮಾಡಿ ನಿಮ್ಮ ಸಮೀಪದ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಿ. ನಮ್ಮ ಶಿಕ್ಷಕರಿಗೆ ಕಣ್ಣಿನ ಪೊರೆ ಬಂದಿದೆ.