ಮೂಲೆ ನಿವೇಶನದ ಪಾಗಾರ: ನಿಯಮ ಪುಸ್ತಕದಲ್ಲಿ, ವಿನಾಯಿತಿ ಮೌನದಲ್ಲಿ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಹೊಸ ಬಡಾವಣೆಗಳಲ್ಲಿ ಮನೆಗಿಂತ ಮೊದಲು ಪಾಗಾರ ಏಳುವುದು ಸಾಮಾನ್ಯ ದೃಶ್ಯ. ಐದು ಸೆಂಟ್ಸ್ ಜಾಗ ಕೊಂಡವರು ಅಡಿಪಾಯದ ಮಾತಿಗೂ ಮುನ್ನ ಕೆಂಪುಕಲ್ಲು ಇಳಿಸಿ ಗಡಿಯನ್ನು ಭದ್ರಪಡಿಸಿಕೊಳ್ಳುತ್ತಾರೆ. ಒಂದು ತಲೆಮಾರಿನ ಹಿಂದೆ ಇದೇ ಊರುಗಳಲ್ಲಿ ಗಡಿಯೆಂದರೆ ದಾಸವಾಳದ ಸಾಲು, ಗೊಬ್ಬರಸೊಪ್ಪಿನ ಗಿಡದ ಬೇಲಿ, ಮಣ್ಣಿನ ದರೆ, ದಾಟಿ ಹೋಗಲು ಒಂದು ತಡಮೆ. ಇಂದು ಆ ಜಾಗವನ್ನು ಆಳೆತ್ತರದ, ಕೆಲವೆಡೆ ಅದನ್ನೂ ಮೀರಿದ ಕಲ್ಲಿನ ಗೋಡೆ ಆಕ್ರಮಿಸಿದೆ. ಎರಡು ರಸ್ತೆಗಳು ಕೂಡುವ ಮೂಲೆಯಲ್ಲಿ ಇಂಥ ಗೋಡೆ ಎದ್ದಾಗ ಅದು ಮನೆಯೊಡೆಯನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಆ ತಿರುವಿನಲ್ಲಿ ನಡೆಯುವ ಶಾಲಾ ಮಕ್ಕಳ, ಬೈಕ್ ಸವಾರರ, ರಿಕ್ಷಾ ಚಾಲಕರ ಜೀವದ ಪ್ರಶ್ನೆಯಾಗುತ್ತದೆ.

ಪಾಗಾರದ ಎತ್ತರಕ್ಕೆ ನಮ್ಮ ದೇಶದಲ್ಲಿ ಮಾನದಂಡವೇ ಇಲ್ಲ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ಮಾನದಂಡವಿದೆ, ಅದೂ ಸಾಕಷ್ಟು ಸ್ಪಷ್ಟವಾಗಿದೆ. ಕೊರತೆಯಿರುವುದು ಬೇರೆಡೆ: ಆ ಮಾನದಂಡದಿಂದ ಯಾರಿಗೆ, ಯಾವ ಕಾರಣಕ್ಕೆ, ಎಷ್ಟರ ಮಟ್ಟಿಗೆ ವಿನಾಯಿತಿ ನೀಡಬೇಕೆಂಬುದನ್ನು ಬಹಿರಂಗವಾಗಿ ನಿರ್ಧರಿಸುವ ವ್ಯವಸ್ಥೆ ನಮ್ಮಲ್ಲಿ ಬೇರೂರಿಲ್ಲ. ಪರಿಣಾಮವಾಗಿ ವಿನಾಯಿತಿ ಎಂಬುದು ಯಾರೂ ಪ್ರಶ್ನಿಸದೆ ಇರುವುದರ ಇನ್ನೊಂದು ಹೆಸರಾಗಿದೆ.

ಸಂಹಿತೆ ಏನು ಹೇಳುತ್ತದೆ?

ಭಾರತೀಯ ಮಾನಕ ಬ್ಯೂರೋ 1970ರಲ್ಲಿ ಮೊದಲು ಪ್ರಕಟವಾಗಿ 1983, 2005 ಮತ್ತು 2016ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಹೊರತಂದಿದೆ. ಅದರ 2016ರ ಆವೃತ್ತಿಯ ಪ್ರಕಾರ, ಪ್ರಾಧಿಕಾರದ ವಿಶೇಷ ಅನುಮತಿ ಇಲ್ಲದಿದ್ದರೆ ಆವರಣ ಗೋಡೆಯ ಗರಿಷ್ಠ ಎತ್ತರ ಮುಂಭಾಗದ ರಸ್ತೆಯ ಮಧ್ಯರೇಖೆಯಿಂದ 1.5 ಮೀಟರ್. ಮೇಲಿನ 0.9 ಮೀಟರ್ ಭಾಗವು ಆಚೆಗೆ ಕಣ್ಣು ಹಾಯುವಂತೆ ತೆರೆದ ರಚನೆಯಾಗಿದ್ದರೆ 2.4 ಮೀಟರ್ ತನಕ ಅವಕಾಶ ನೀಡಬಹುದು. ಮೂಲೆ ನಿವೇಶನಗಳಿಗೆ ನಿಯಮ ಇನ್ನೂ ಬಿಗಿ. ರಸ್ತೆಗಳು ಕೂಡುವಲ್ಲಿಂದ ಮುಂಭಾಗ ಮತ್ತು ಪಕ್ಕ ಎರಡೂ ಕಡೆ 10 ಮೀಟರ್ ಉದ್ದಕ್ಕೆ ಗೋಡೆ 0.75 ಮೀಟರ್ ಮೀರಬಾರದು, ಉಳಿದ 0.75 ಮೀಟರ್ ಬೇಕೇಬೇಕೆಂದಾದರೆ ಸರಳುಗಳ ಜಾಲರಿಯಂಥ ತೆರೆದ ರಚನೆಯಲ್ಲಿರಬೇಕು.

ಈ ಅಂಕಿಗಳ ಹಿಂದೆ ಲೆಕ್ಕಾಚಾರವಿದೆ. ರಸ್ತೆ ವಿನ್ಯಾಸದಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಚಾಲಕನ ಕಣ್ಣಿನ ಎತ್ತರವನ್ನು 1.2 ಮೀಟರ್ ಎಂದು ಪರಿಗಣಿಸುತ್ತದೆ. ಒಂದನೇ ತರಗತಿಯ ಮಗುವಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಗೋಡೆ 0.75 ಮೀಟರ್ ಇದ್ದರೆ ಚಾಲಕನಿಗೆ ಮಗು ಕಾಣುತ್ತದೆ, ಮಗುವಿಗೆ ವಾಹನ ಕಾಣುತ್ತದೆ. ಗೋಡೆ 1.5 ಮೀಟರ್ ಆದೊಡನೆ ಇಬ್ಬರೂ ಪರಸ್ಪರ ಕುರುಡರು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ ಸುಮಾರು 8 ಮೀಟರ್ ಕ್ರಮಿಸುತ್ತದೆ. ಚಾಲಕ ಅಪಾಯವನ್ನು ಗ್ರಹಿಸಿ ಬ್ರೇಕ್ ಒತ್ತುವ ಎರಡೂವರೆ ಸೆಕೆಂಡಿನಲ್ಲೇ 20 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೂ ಸುಮಾರು 9 ಮೀಟರ್ ಬೇಕು. ಹೀಗೆ ಆ ವೇಗಕ್ಕೆ ಸುರಕ್ಷಿತವಾಗಿ ನಿಲ್ಲಲು 30 ಮೀಟರ್ ದೃಷ್ಟಿ ಅಂತರ ಅಗತ್ಯ. 40 ಕಿ.ಮೀ. ವೇಗಕ್ಕೆ ಅದು 45 ಮೀಟರ್. ನಮ್ಮ ಓಣಿಗಳಲ್ಲಿ ಗೋಡೆ ರಸ್ತೆಯ ಅಂಚಿನಲ್ಲೇ ಎದ್ದಿರುತ್ತದೆ. ಕಾರಿನ ಮೂತಿಯೋ ಚಾಲಕನ ಕಣ್ಣಿಗಿಂತ ಎರಡು ಮೀಟರಿನಷ್ಟು ಮುಂದಿರುತ್ತದೆ. ಅಂದರೆ ಅಡ್ಡರಸ್ತೆಯಲ್ಲಿ ಏನಿದೆ ಎಂದು ಕಾಣುವ ಹೊತ್ತಿಗೆ ವಾಹನದ ಮುಂಭಾಗ ಆ ರಸ್ತೆಗೆ ನುಗ್ಗಿಯಾಗಿರುತ್ತದೆ.

ಮೂರು ತಾಲೂಕು, ಹಲವು ಆಡಳಿತ

ಆದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ತಾನಾಗಿಯೇ ಕಾನೂನಲ್ಲ. ಸ್ಥಳೀಯ ಸಂಸ್ಥೆಯ ಉಪವಿಧಿಯಲ್ಲಿ ಸೇರಿದಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಸಮಸ್ಯೆಯ ಬುಡ ಇರುವುದು ಇಲ್ಲಿ.

ಕುಂದಾಪುರದಲ್ಲಿ ಪುರಸಭೆಯಿದೆ, ಕಟ್ಟಡ ಪರವಾನಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 187ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಬೈಂದೂರು ಮತ್ತು ಬ್ರಹ್ಮಾವರಗಳು 2017ರ ಘೋಷಣೆಯ ಬಳಿಕ 2018ರಲ್ಲಿ ತಾಲೂಕುಗಳಾಗಿ ಅಸ್ತಿತ್ವಕ್ಕೆ ಬಂದವು. ಬೈಂದೂರು ಪಟ್ಟಣ ಪಂಚಾಯತ್ ಆದದ್ದು ಅನಂತರ. ಬ್ರಹ್ಮಾವರ ಪೇಟೆ ಬೆಳೆದದ್ದು ವಾರಂಬಳ್ಳಿ, ಚಾಂತಾರು, ಹಂದಾಡಿ ಮುಂತಾದ ಗ್ರಾಮ ಪಂಚಾಯತ್‌ಗಳ ನೆರಳಿನಲ್ಲಿ. ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಕಟ್ಟಡ ನಿಯಂತ್ರಣಕ್ಕೆ ಆಧಾರ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು. ಇದರ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಾದರೆ ಹೆದ್ದಾರಿಯ ಕಟ್ಟಡ ರೇಖೆಯ ನಿರ್ಬಂಧ. ಹೀಗೆ ಒಂದೇ ಅಡ್ಡರಸ್ತೆಯ ಎರಡು ಮೂಲೆಗಳು ಎರಡು ಆಡಳಿತಗಳಿಗೆ ಸೇರಿರುವುದೂ ಉಂಟು.

ಇಷ್ಟೆಲ್ಲ ಕಾಯ್ದೆಗಳಿದ್ದರೂ ಪಾಗಾರ ಅವುಗಳ ನಡುವೆ ನುಸುಳಿಹೋಗುತ್ತದೆ. ಪರವಾನಿಗೆಯ ನಕ್ಷೆಯಲ್ಲಿ ಮನೆಯ ವಿಸ್ತೀರ್ಣ, ಸುತ್ತ ಬಿಟ್ಟ ಜಾಗ, ಶೌಚಗುಂಡಿ ಎಲ್ಲವೂ ನಮೂದಾಗುತ್ತವೆ; ಆವರಣ ಗೋಡೆ ಒಂದು ಗೆರೆಯಾಗಿ ಮಾತ್ರ ಕಾಣಿಸುತ್ತದೆ. ಆ ಗೆರೆ ಎಷ್ಟು ಎತ್ತರವೆಂದು ಕೇಳುವವರು ವಿರಳ.

ಮನೆಯೊಡೆಯನ ವಾದದಲ್ಲೂ ಹುರುಳಿದೆ

ಮೂಲೆ ನಿವೇಶನದ ಒಡೆಯನನ್ನು ಖಳನಾಯಕನಂತೆ ಚಿತ್ರಿಸುವುದು ನ್ಯಾಯವಲ್ಲ. ಎರಡು ಕಡೆ ರಸ್ತೆಯಿರುವ ಕಾರಣ ಆತ ಎರಡು ಕಡೆ ಜಾಗ ಬಿಡಬೇಕು. ಎರಡು ಕಡೆಯ ಧೂಳು, ಸದ್ದು, ದಾರಿಹೋಕರ ನೋಟ ಎಲ್ಲವೂ ಆತನ ಪಾಲಿಗೇ. ಈ ಭಾಗದ ಅನೇಕ ಕುಟುಂಬಗಳು ಹೋಟೆಲ್ ಉದ್ಯಮ, ನೌಕರಿಗಳ ನಿಮಿತ್ತ ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿವೆ. ವರ್ಷದ ಹತ್ತು ತಿಂಗಳು ಬೀಗ ಹಾಕಿದ ಮನೆಗೆ, ಅಥವಾ ವೃದ್ಧ ತಾಯಿ ಒಬ್ಬರೇ ಇರುವ ಮನೆಗೆ, ಎತ್ತರದ ಗೋಡೆ ಧೈರ್ಯ ಕೊಡುತ್ತದೆ ಎಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಭೂಗುಣದ ಪ್ರಶ್ನೆಯೂ ಇದೆ. ಕರಾವಳಿಯ ಈ ಪಟ್ಟಿ ಸಮತಟ್ಟಲ್ಲ. ಮುರಕಲ್ಲಿನ ದಿಬ್ಬವನ್ನು ಕಡಿದು ಮಾಡಿದ ನಿವೇಶನ ರಸ್ತೆಗಿಂತ ಎರಡು ಮೀಟರ್ ಮೇಲಿರಬಹುದು. ಹಳೆಯ ಗದ್ದೆಗೆ ಮಣ್ಣು ತುಂಬಿಸಿದ ನಿವೇಶನ ರಸ್ತೆಗಿಂತ ಕೆಳಗಿರಬಹುದು. ಡಾಮರಿನ ಮೇಲೆ ಡಾಮರು, ಅದರ ಮೇಲೆ ಕಾಂಕ್ರೀಟು ಬಿದ್ದು ರಸ್ತೆಯೇ ಎತ್ತರವಾಗಿ, ಹಿಂದೊಮ್ಮೆ ಎದೆಮಟ್ಟದಲ್ಲಿದ್ದ ಗೋಡೆ ಸೊಂಟದ ಮಟ್ಟಕ್ಕೆ ಇಳಿದ ಉದಾಹರಣೆಗಳೂ ಇವೆ. ರಸ್ತೆಯ ಮಧ್ಯರೇಖೆಯಿಂದ ಅಳೆಯಬೇಕೆಂಬ ಸಂಹಿತೆಯ ಮಾತು ತಗ್ಗಿನ ಮನೆಗೆ ಅನುಕೂಲ, ದಿಬ್ಬದ ಮನೆಗೆ ಅಸಾಧ್ಯ. ಮಣ್ಣು ತಡೆಯುವ ಗೋಡೆಯೇ ಅಲ್ಲಿ ಮಿತಿಯನ್ನು ಮೀರಿರುತ್ತದೆ. ನಿಜವಾದ ವಿನಾಯಿತಿಯ ಅಗತ್ಯ ಹುಟ್ಟುವುದು ಇಂಥ ಕಡೆ.

ಎತ್ತರದ ಗೋಡೆಯ ಇನ್ನೊಂದು ಮುಖ

ವಿನಾಯಿತಿಯನ್ನು ಪರಿಶೀಲನೆಯಿಲ್ಲದೆ ಬಿಟ್ಟರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ಜೂನ್ 26ರಂದು ಮಂಗಳೂರು ಸಮೀಪದ ಕುತ್ತಾರು ಮದನಿನಗರದಲ್ಲಿ ನೆರೆಮನೆಯ ಆವರಣ ಗೋಡೆ ಮಳೆಗೆ ಕುಸಿದು ಕೆಳಗಿನ ಮನೆಯ ಮೇಲೆ ಬಿದ್ದು, ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. 2019ರ ಡಿಸೆಂಬರ್ 2ರಂದು ತಮಿಳುನಾಡಿನ ಮೇಟ್ಟುಪಾಳಯಂ ಸಮೀಪದ ನಡೂರಿನಲ್ಲಿ ಸುಮಾರು 20 ಅಡಿ ಎತ್ತರದ ಖಾಸಗಿ ಮನೆಯ ಆವರಣ ಗೋಡೆ ದಲಿತ ಕುಟುಂಬಗಳ ಮನೆಗಳ ಮೇಲೆ ಉರುಳಿ 17 ಮಂದಿ ಬಲಿಯಾದರು.

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ. ಮಣ್ಣು ತಡೆಯುವ ಗೋಡೆಯ ಎತ್ತರ ಎರಡು ಪಟ್ಟಾದರೆ ಅದರ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಅದನ್ನು ಉರುಳಿಸುವ ಬಲ ಎಂಟು ಪಟ್ಟಾಗುತ್ತದೆ. ನೀರು ಹೊರಹೋಗಲು ಕಿಂಡಿಗಳಿಲ್ಲದೆ ಕಟ್ಟಿದ ಕೆಂಪುಕಲ್ಲಿನ ಗೋಡೆಗೆ ನೆನೆದ ಮಣ್ಣಿನ ಭಾರವೂ ಸೇರಿಕೊಳ್ಳುತ್ತದೆ. ಮೂಲೆಯಲ್ಲಿ ಇಂಥ ಗೋಡೆ ಉರುಳಿದರೆ ಬೀಳುವುದು ಎರಡು ರಸ್ತೆಗಳ ಮೇಲೆ.

ಹೊರಗೆ ಹೇಗಿದೆ?

ಇಂಗ್ಲೆಂಡಿನಲ್ಲಿ ವಾಹನ ಸಂಚಾರದ ರಸ್ತೆಗೆ ತಾಗಿದ ಗೋಡೆ ಅಥವಾ ಬೇಲಿಯನ್ನು 1 ಮೀಟರ್ ತನಕ, ಬೇರೆಡೆ 2 ಮೀಟರ್ ತನಕ ಸಾಮಾನ್ಯವಾಗಿ ಅನುಮತಿಯಿಲ್ಲದೆ ಕಟ್ಟಬಹುದು. ಮೀರಿದರೆ ಯೋಜನಾ ಅನುಮತಿ ಬೇಕು. ಅಮೆರಿಕದಲ್ಲಿ 1920ರ ದಶಕದಲ್ಲಿ ರಾಜ್ಯಗಳಿಗಾಗಿ ಸಿದ್ಧವಾದ ಮಾದರಿ ವಲಯ ಕಾಯ್ದೆಯೇ ವಿನಾಯಿತಿಗೆಂದು ಪ್ರತ್ಯೇಕ ಮಂಡಳಿಯನ್ನು ಕಲ್ಪಿಸಿತು. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಆ ನಿವೇಶನಕ್ಕೆ ಅನಗತ್ಯ ಸಂಕಷ್ಟವಾಗುತ್ತದೆಯೇ, ಸಾರ್ವಜನಿಕ ಹಿತಕ್ಕೆ ಧಕ್ಕೆ ಇದೆಯೇ ಎಂಬುದನ್ನು ಮಂಡಳಿ ಮುಂಚಿತ ಪ್ರಕಟಣೆ ನೀಡಿ, ಬಹಿರಂಗ ವಿಚಾರಣೆ ನಡೆಸಿ ತೀರ್ಮಾನಿಸುತ್ತದೆ. ಅಲ್ಲಿನ ಅನುಕರಣೆ ನಮಗೆ ಬೇಕಿಲ್ಲ. ಆದರೆ ಗೋಡೆ ಕಟ್ಟುವ ಮೊದಲು ಅರ್ಜಿ, ನೆರೆಯವರ ಅಹವಾಲು, ಕಾರಣ ಸಹಿತ ಆದೇಶ ಎಂಬ ಕ್ರಮ ಗಮನಾರ್ಹ.

ನಮ್ಮಲ್ಲಿ ಕ್ರಮ ತಲೆಕೆಳಗಾಗಿದೆ: ಮೊದಲು ಕಟ್ಟುವುದು, ಬಳಿಕ ಸಕ್ರಮಕ್ಕೆ ಕಾಯುವುದು. ವಸತಿ ಕಟ್ಟಡಗಳಲ್ಲಿ ಬಿಡಬೇಕಾದ ಜಾಗದ ಉಲ್ಲಂಘನೆಯನ್ನು ಶೇ. 50ರ ತನಕ ಸಕ್ರಮಗೊಳಿಸುವ ರಾಜ್ಯದ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟ್ 2016ರಲ್ಲಿ ಎತ್ತಿಹಿಡಿಯಿತಾದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಇದಕ್ಕೂ ಮೊದಲು, 2004ರ ಫ್ರೆಂಡ್ಸ್ ಕಾಲೊನಿ ಪ್ರಕರಣದಲ್ಲಿ, ಉಲ್ಲಂಘನೆಗಳ ಮನ್ನಾ ಕನಿಷ್ಠ ಮಟ್ಟದಲ್ಲಿರಬೇಕೆಂದೂ, ಸ್ವಂತಕ್ಕೆ ಮನೆ ಕಟ್ಟುವ ವ್ಯಕ್ತಿಯನ್ನೂ ವೃತ್ತಿಪರ ಬಿಲ್ಡರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದೂ ಅದೇ ನ್ಯಾಯಾಲಯ ಹೇಳಿತ್ತು. ಅಧಿಕಾರಿಗಳ ವಿಳಂಬವಾಗಲಿ, ಹೂಡಿದ ಹಣವಾಗಲಿ ಅನಧಿಕೃತ ನಿರ್ಮಾಣಕ್ಕೆ ರಕ್ಷೆಯಾಗದು ಎಂಬುದು 2024ರ ಡಿಸೆಂಬರಿನ ತೀರ್ಪಿನ ಸಾರ. ಅದೇ ವರ್ಷ ನವೆಂಬರಿನಲ್ಲಿ ನೆಲಸಮಕ್ಕೆ ಮುನ್ನ 15 ದಿನಗಳ ನೋಟಿಸ್ ಕಡ್ಡಾಯವೆಂದು ತೀರ್ಪು ಬಂದಿತು. ರಸ್ತೆ, ಕಾಲುದಾರಿಗಳಂಥ ಸಾರ್ವಜನಿಕ ಸ್ಥಳಗಳ ಅತಿಕ್ರಮಣಕ್ಕೆ ಮಾತ್ರ ಈ ರಕ್ಷಣೆ ಅನ್ವಯಿಸದು.

ನೊಂದವರಿಗೆ ದಾರಿ ಯಾವುದು? 1882ರ ಈಸ್‌ಮೆಂಟ್ ಕಾಯ್ದೆಯನ್ವಯ ನೆರೆಯವರು ಬೆಳಕಿಗೆ, ದಾರಿಗೆ ಅಡ್ಡಿಯಾದರೆ ಸಿವಿಲ್ ದಾವೆ ಹೂಡಬಹುದು. ಆದರೆ ತಿರುವಿನಲ್ಲಿ ನಡೆಯುವ ದಾರಿಹೋಕನಿಗೆ ಅಂಥ ಖಾಸಗಿ ಹಕ್ಕಿಲ್ಲ. ಅಪಾಯಕಾರಿ ಕಟ್ಟಡ, ಸಾರ್ವಜನಿಕ ದಾರಿಯ ಅಡಚಣೆಗಳ ಬಗ್ಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133) ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ಸಲ್ಲಿಸಬಹುದು. ಕುಂದಾಪುರದಲ್ಲಿ ಉಪವಿಭಾಗಾಧಿಕಾರಿ ಕಚೇರಿ ಇದ್ದರೂ ಗೋಡೆಯೊಂದಕ್ಕಾಗಿ ಅಲ್ಲಿಯ ಮೆಟ್ಟಿಲೇರುವ ಮನಸ್ಸು ಎಷ್ಟು ಮಂದಿಗಿದ್ದೀತು? ನೆರೆಹೊರೆಯ ಮುಲಾಜು ಬಲುದೊಡ್ಡದು.

ಆಗಬೇಕಾದುದು

ಪರಿಹಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಮೊದಲನೆಯದಾಗಿ, ಮೂರು ತಾಲೂಕುಗಳ ಎಲ್ಲ ಸ್ಥಳೀಯ ಸಂಸ್ಥೆಗಳೂ ಸಂಹಿತೆಯ ಮೂಲೆ ನಿವೇಶನದ ನಿಯಮವನ್ನು ಪರವಾನಿಗೆಯ ಷರತ್ತಾಗಿ ಅಳವಡಿಸಿ, ನಕ್ಷೆಯಲ್ಲಿ ಪಾಗಾರದ ಎತ್ತರವನ್ನು ನಮೂದಿಸುವುದು ಕಡ್ಡಾಯವಾಗಲಿ. ಮಣ್ಣು ತಡೆಯುವ ಗೋಡೆಯನ್ನು ಪ್ರತ್ಯೇಕವಾಗಿ ಪರಿಗಣಿಸಿ, ಅದಕ್ಕೆ ಎಂಜಿನಿಯರರ ವಿನ್ಯಾಸ ಕೇಳಲಿ.

ಎರಡನೆಯದಾಗಿ, ವಿನಾಯಿತಿಯ ಅರ್ಜಿಗಳು ಸೂಚನಾ ಫಲಕದಲ್ಲಿ ಪ್ರಕಟವಾಗಲಿ. ಗ್ರಾಮಾಂತರದಲ್ಲಿ ವಾರ್ಡ್ ಸಭೆ ಇದಕ್ಕೆ ಒಳ್ಳೆಯ ವೇದಿಕೆ. ಎದುರು ಮೂಲೆಯವರ, ಹಾಲಿನ ವಾಹನದವರ, ಶಾಲಾ ಬಸ್ಸಿನವರ ಮಾತು ಕೇಳಿ, ನಿಗದಿತ ಅವಧಿಯಲ್ಲಿ ಕಾರಣ ಸಹಿತ ಆದೇಶ ಹೊರಡಲಿ. ಭದ್ರತೆ ಬೇಕೆನ್ನುವವರಿಗೆ ಸರಳಿನ ಜಾಲರಿ, ಮೂಲೆಯನ್ನು ಕೋನವಾಗಿ ಕತ್ತರಿಸಿ ಕಟ್ಟುವುದು, ತಿರುವಿಗೆ ಉಬ್ಬುಗನ್ನಡಿ ಮುಂತಾದ ಷರತ್ತುಗಳೊಂದಿಗೆ ದಾರಿ ತೆರೆಯಬಹುದು.

ಮೂರನೆಯದಾಗಿ, ಈಗಾಗಲೇ ಎದ್ದಿರುವ ಗೋಡೆಗಳನ್ನು ಒಮ್ಮೆಲೇ ಕೆಡವಲು ಹೊರಡುವುದು ವಿವೇಕವಲ್ಲ. ಶಾಲೆಗಳ ಬಳಿಯ ತಿರುವುಗಳು ಮತ್ತು ಹೆದ್ದಾರಿಯ ಸರ್ವಿಸ್ ರಸ್ತೆಗೆ ಕೂಡುವ ಓಣಿಗಳ ಪಟ್ಟಿ ಮಾಡಿ, ಅಲ್ಲಿಂದ ಆರಂಭಿಸಲಿ. ಸಂಹಿತೆಯು ಶಾಲೆ, ಆಸ್ಪತ್ರೆಗಳ ಗೋಡೆಗೆ 2.4 ಮೀಟರ್ ತನಕ ಅವಕಾಶ ನೀಡಬಹುದು ಎನ್ನುತ್ತದೆ. ಮಕ್ಕಳು ಓಡಿ ಹೊರಬರುವ ಮೂಲೆಯಲ್ಲೇ ಗೋಡೆ ಅತ್ಯಂತ ಎತ್ತರವಾಗಿರಬಹುದೆಂಬ ಈ ವಿಪರ್ಯಾಸವನ್ನು ಸ್ಥಳೀಯ ಸಂಸ್ಥೆಗಳು ತಮ್ಮ ಷರತ್ತಿನಲ್ಲಿ ಸರಿಪಡಿಸಿಕೊಳ್ಳಬೇಕು. ಸರಕಾರಿ ಶಾಲೆಯೊಂದರ ಮೂಲೆಯ ಗೋಡೆಯನ್ನು ತಗ್ಗಿಸಿ ಜಾಲರಿ ಹಾಕಿದರೆ, ಖಾಸಗಿಯವರನ್ನು ಕೇಳುವ ನೈತಿಕ ಹಕ್ಕು ಪಂಚಾಯತ್‌ಗೆ ತಾನಾಗಿ ಬರುತ್ತದೆ.

ಬೈಂದೂರು, ಬ್ರಹ್ಮಾವರಗಳು ಇನ್ನೂ ಬೆಳೆಯುತ್ತಿರುವ ಪೇಟೆಗಳು. ಅಲ್ಲಿನ ಬಹಳಷ್ಟು ಮೂಲೆಗಳಲ್ಲಿ ಇಂದಿಗೂ ಬರೀ ಗಡಿಕಲ್ಲುಗಳಿವೆ, ಪಾಗಾರ ಬಂದಿಲ್ಲ. ಕಟ್ಟಿದ ಗೋಡೆಯನ್ನು ಇಳಿಸುವುದಕ್ಕಿಂತ ಕಟ್ಟಲಿರುವ ಗೋಡೆಯ ನಕ್ಷೆಯಲ್ಲಿ ಒಂದು ಅಂಕಿ ಬರೆಸುವುದು ಎಷ್ಟೋ ಸುಲಭ. ಆ ಅವಕಾಶ ಹೆಚ್ಚು ಕಾಲ ಉಳಿಯದು.