ಜಮಾ ಮೊದಲು, ಖರ್ಚು ಆಮೇಲೆ (ಭಾಗ 6)

ಗ್ಲೂಕೋಸ್ ಒಡೆದು ಶಕ್ತಿ ಬರೋದನ್ನ ಹೈಸ್ಕೂಲಲ್ಲಿ ಎಲ್ರೂ ಬಾಯಿಪಾಠ ಮಾಡಿದ್ದೀರಿ ಅಲ್ವಾ? ನನ್ನ ತಕರಾರು ಇಷ್ಟೇ: ಜೀವಕೋಶದ ಸಕ್ಕರೆ ಕಥೆ ಖರ್ಚಿನಿಂದಲೇ ಯಾಕೆ ಶುರುವಾಗ್ಬೇಕು? ಗಿಡ ಸಕ್ಕರೆ ಮಾಡುತ್ತಲ್ಲ ಅಂತೀರಾ, ಗಿಡ ಬಂದಿದ್ದು ತುಂಬಾ ತಡವಾಗಿ.

ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳಿವೆ. ನೋಡೋಕೆ ಬ್ಯಾಕ್ಟೀರಿಯಾ ಥರ, ವಂಶವೇ ಬೇರೆ. ಕೆಲವು ಕುದಿಯೋವಷ್ಟು ಬಿಸಿ ನೀರಲ್ಲಿ ಬದುಕುತ್ವೆ. ಆ ಬಿಸಿಗೆ, ಸಕ್ಕರೆ ಕಟ್ಟೋಕೆ ಬೇಕಾದ ಮೂರು ಕಾರ್ಬನ್ನಿನ ತುಣುಕುಗಳು ಬೇಗ ಹಾಳಾಗುತ್ವೆ. ಅದಕ್ಕೇ ಅಲ್ಲಿ ಒಂದೇ ಕಿಣ್ವ ಎರಡು ಕೆಲಸ ಮಾಡುತ್ತೆ: ಎರಡು ತುಣುಕು ಜೋಡಿಸುತ್ತೆ, ತಕ್ಷಣ ಒಂದು ಫಾಸ್ಫೇಟ್ ಕಿತ್ತುಹಾಕುತ್ತೆ. ಅದು ಹೋದ್ಮೇಲೆ ತುಣುಕುಗಳು ಮತ್ತೆ ಬಿಡಿಯಾಗಲ್ಲ. ನಮ್ಮ ದೇಹದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಕಿಣ್ವ ಬೇಕು!

ಸಕ್ಕರೆ ಕಟ್ಟುವ ಮೂಲ ಕಿಣ್ವ ಇದೇ ಇರಬಹುದು ಅಂತ 2010ರಲ್ಲಿ ಸೇ ಮತ್ತು ಫುಕ್ಸ್ ಅನ್ನೋ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಬರೆದ್ರು. ಅಂದ್ರೆ ಜೀವ ಮೊದಲು ಕಲಿತಿದ್ದು ಕಟ್ಟೋದನ್ನ, ಒಡೆಯೋದನ್ನಲ್ಲ. ಇದು ಊಹೆ, ನಿಜ. ಆದ್ರೂ ನಂಗೆ ಲೆಕ್ಕ ತಾಳೆ ಆಗುತ್ತೆ: ಯಾರೂ ಕಟ್ಟದೇ ಇದ್ದಿದ್ರೆ ಒಡೆಯೋಕೆ ಸಕ್ಕರೆ ಎಲ್ಲಿತ್ತು? ಪಾಠವೂ ಇಲ್ಲಿಂದಲೇ ಶುರುವಾಗ್ಲಿ. 'ಬಿಕಾಂನವರಿಗೆ ಇದೆಲ್ಲ ಯಾಕೆ' ಅನ್ನೋರು ಕಾಮೆಂಟಿಗೆ ಬನ್ನಿ, ಮಾತಾಡೋಣ.